‘ಯೂಸ್ಡ್ ಟು’ ಅಂತ ಬರೆದರೆ ಈಗ ಇಲ್ಲ ಅಂತ ಅರ್ಥ

ವಿಜಯನಗರದಲ್ಲಿ ನನ್ನ ಹತ್ತಿರ ಇಂಗ್ಲಿಷ್ ಟ್ಯೂಷನ್‌ಗೆ ಬರುವವರಲ್ಲಿ ಕೆಲಸ ಹುಡುಕುವವರೇ ಜಾಸ್ತಿ. ಅವರ ರೆಸ್ಯೂಮೆಗಳಲ್ಲಿ ‘ಐ ಯೂಸ್ಡ್ ಟು ಹ್ಯಾಂಡಲ್ ಕಸ್ಟಮರ್ ಕಾಲ್ಸ್’ ಅಂತ ಇರುತ್ತದೆ. ಈಗ ಏನು ಮಾಡ್ತಿದ್ದೀಯಪ್ಪ ಅಂದರೆ, ‘ಅದೇ ಕೆಲಸ ಮೇಡಂ’ ಅಂತಾರೆ. ಓದಿದವರು ಮಾತ್ರ ಆ ಕೆಲಸ ಬಿಟ್ಟಾಯಿತು ಅಂದುಕೊಳ್ಳುತ್ತಾರೆ.

ಬರೆಯುವ ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ‘ಮೊದಲು ಹೋಗುತ್ತಿದ್ದೆ, ಈಗಿಲ್ಲ’ ಅಂತ ಬಂದರೆ ಯೂಸ್ಡ್ ಟು ಹಾಕಿ. ‘ಹೋಗುತ್ತೇನೆ’ ಅಂತ ಬಂದರೆ ಬೇಡ, ‘ಐ ಗೋ’ ಸಾಕು. ರೂಢಿ ಅಂತ ತೋರಿಸಬೇಕಾದರೆ ‘ಐ ಯೂಶುವಲಿ ಗೋ’.

ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾಯಿತಲ್ವಾ? ‘ಐ ಯೂಸ್ಡ್ ಟು ಟೇಕ್ ದ ಬಸ್. ನೌ ಐ ಟೇಕ್ ದ ಮೆಟ್ರೊ.’ ಇದು ಸರಿ. ಟೇಕಿಂಗ್ ಅಲ್ಲ, ಟುಕ್ ಅಲ್ಲ, ಬರೀ ಟೇಕ್.

‘ಬೆಂಗಳೂರು ಯೂಸ್ಡ್ ಟು ಬಿ ಬ್ಯಾಂಗಲೋರ್’ ಅಂತ ಬೋರ್ಡ್ ಮೇಲೆ ಬರೆದೆ. ಜನ ಇನ್ನೂ ಹಾಗೇ ಕರೀತಾರಲ್ಲ ಅಂತ ಒಬ್ಬ ವಾದಕ್ಕೆ ನಿಂತ. ಅವನು ಹೇಳಿದ್ದೂ ನ್ಯಾಯವೇ. ಸರ್ಕಾರಿ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಹಾಗಾಗಿ ‘ಅಫಿಶಿಯಲಿ’ ಸೇರಿಸಿ ಮುಂದೆ ಹೋದೆವು.

ಇಷ್ಟು ವರ್ಷ, ಇಷ್ಟು ಸಲ ಅಂತ ಲೆಕ್ಕ ಹೇಳುವಾಗ ಇದನ್ನು ಬಳಸಬೇಡಿ. ‘ಐ ಲಿವ್ಡ್ ಇನ್ ಮೈಸೂರು ಫಾರ್ ಫೈವ್ ಇಯರ್ಸ್’ ಅಂತ ಸುಮ್ನೆ ಬರೆಯಿರಿ.

ಇನ್ನು ‘ಡಿ’ ಅಕ್ಷರ. ಮಾತಿನಲ್ಲಿ ‘ಯೂಸ್ಟು’ ಅಂತ ಕೇಳುವುದರಿಂದ ಬರೆಯುವಾಗ ಅದು ಬಿಟ್ಟುಹೋಗುತ್ತದೆ. ವಾಕ್ಯದಲ್ಲಿ ‘ಡಿಡ್’ ಇದ್ದರೆ ಮಾತ್ರ ಬಿಡಬೇಕು: ‘ಡಿಡ್ ಯು ಯೂಸ್ ಟು ಲಿವ್ ಇನ್ ಜಯನಗರ?’ ಹಿಂದಿನ ಕಾಲವನ್ನು ಆ ಡಿಡ್ ಆಗಲೇ ಹೇಳಿಬಿಟ್ಟಿದೆ. ‘ಡಿಡ್‌ನ್ಟ್’ ಬಂದಾಗಲೂ ಹೀಗೇ.

ನಡುವೆ ‘ಆಮ್’ ಸೇರಿದರೆ ಕಥೆಯೇ ಬೇರೆ. ‘ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್ಸ್’ ಅಂದರೆ ಮೊದಲು ಮಾಡುತ್ತಿದ್ದೆ ಅಂತ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್’ ಅಂದರೆ ನನಗದು ಒಗ್ಗಿಹೋಗಿದೆ ಅಂತ. ಇಲ್ಲಿ ಡಿ ಯಾವಾಗಲೂ ಇರಬೇಕು, ಕ್ರಿಯಾಪದಕ್ಕೆ ಐಎನ್‌ಜಿಯೂ ಬೇಕು. ರಾತ್ರಿ ಪಾಳಿಯ ಕೆಲಸಕ್ಕೆ ಅರ್ಜಿ ಹಾಕುವವರು ಈ ಎರಡನೆಯದನ್ನೇ ಬರೆಯಿರಿ. ಮೊದಲನೆಯದನ್ನು ಓದಿದರೆ ‘ಯಾಕೆ ಬಿಟ್ಟಿರಿ?’ ಅಂತ ಕೇಳುತ್ತಾರೆ.