ಚೆಂಡು ಹಿಸುಕಿಸದೆ ಕೈಗೆ ಕೊಟ್ಟ ಚಿಕಿತ್ಸೆ: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಆಸುಪಾಸಿನ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವ ನನಗೆ ಪಕ್ಷವಾತದ ರೋಗಿಯ ತಲೆದಿಂಬಿನ ಪಕ್ಕ ಸಾಮಾನ್ಯವಾಗಿ ಒಂದು ರಬ್ಬರ್ ಚೆಂಡು ಕಾಣಸಿಗುತ್ತದೆ. ಅದನ್ನು ಹಿಸುಕುತ್ತಿದ್ದರೆ ಕೈಗೆ ಬಲ ಬರುತ್ತದೆಂಬ ನಂಬಿಕೆ ಇಲ್ಲಿ ಬಹಳ ಗಟ್ಟಿ. ಬೆರಳು ಮಡಚಿಕೊಂಡೇ ಇರುವವರ ಮನೆಯಲ್ಲಿ ನಾನು ಮೊದಲು ಆ ಚೆಂಡನ್ನು ಎತ್ತಿಡಿಸುತ್ತೇನೆ. ಅದಕ್ಕೆ ಕಾರಣವೇನೆಂಬುದನ್ನು ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದ ಒಬ್ಬ ಅಕ್ಕನ ಚಿಕಿತ್ಸೆಯಿಂದಲೇ ವಿವರಿಸಬಹುದು.

ಅವರ ಸ್ಕ್ಯಾನ್‌ನಲ್ಲಿ ಮಿದುಳಿನ ಎಡಭಾಗದ ಆಳದಲ್ಲಿ ಇದ್ದದ್ದು ಒಂದು ಸಣ್ಣ ಕಲೆ. ಇಷ್ಟಕ್ಕೇ ಬಲಭಾಗದ ಮುಖ, ಕೈ, ಕಾಲು ಮೂರೂ ಹೇಗೆ ಬಿದ್ದುಹೋದವೆಂದು ಮಗಳು ಕೇಳಿದಳು. ಮಿದುಳಿನ ಮೇಲ್ಪದರದ ಚಲನಾ ಪಟ್ಟಿಯಲ್ಲಿ ಬೆರಳು ಮತ್ತು ತುಟಿಗಳಿಗೆ ಬಹಳ ದೊಡ್ಡ ಜಾಗವಿದೆ, ಸೊಂಟ ಬೆನ್ನುಗಳಿಗೆ ಕಿರಿದು; ಮಿದುಳಿನ ಶಸ್ತ್ರವೈದ್ಯ ಪೆನ್‌ಫೀಲ್ಡ್ 1937ರಲ್ಲಿ ಪ್ರಕಟಿಸಿದ ನಕ್ಷೆ ತೋರಿಸಿದ್ದು ಇದನ್ನೇ. ಆದರೆ ಅಷ್ಟು ಅಗಲದಲ್ಲಿ ಹರಡಿರುವ ಜಾಗದಿಂದ ಇಳಿಯುವ ನರತಂತುಗಳೆಲ್ಲ ಇಂಟರ್ನಲ್ ಕ್ಯಾಪ್ಸ್ಯೂಲ್ ಎಂಬ ಇಕ್ಕಟ್ಟಾದ ಓಣಿಯಲ್ಲಿ ಒತ್ತೊತ್ತಾಗಿ ಸಾಗುತ್ತವೆ. ಅಲ್ಲಿ ರಕ್ತ ಕಟ್ಟಿದರೆ ಅರ್ಧ ದೇಹವೇ ಸೋಲುತ್ತದೆ. ಅಲ್ಲಿಂದ ಮುಂದೆ, ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡದ ಕೆಳತುದಿಯಲ್ಲಿ, ಬೆನ್ನುಹುರಿಗೆ ಹೋಗುವ ತಂತುಗಳಲ್ಲಿ ಶೇಕಡಾ 90ರ ಹತ್ತಿರದಷ್ಟು ಎದುರು ಬದಿಗೆ ದಾಟುತ್ತವೆ. ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಬೀಳುವುದು ಇದರಿಂದಲೇ.

ಚಿಕಿತ್ಸೆಯ ಕ್ರಮವನ್ನು ನನಗೆ ಹೇಳಿಕೊಡುವುದು ಈ ದಾಟುವ ತಂತುಗಳನ್ನು ಬಿಟ್ಟು ಮಿಕ್ಕ ನರದಾರಿಗಳು. ಬೆನ್ನು, ಸೊಂಟ, ಭುಜಗಳ ಸ್ನಾಯುಗಳಿಗೆ ಮಿದುಳುಕಾಂಡದಿಂದ ಹೊರಡುವ ಹಳೆಯ ದಾರಿಗಳಿವೆ ಮತ್ತು ಅವು ಬೆನ್ನುಹುರಿಯ ಎರಡೂ ಬದಿಗೆ ಕವಲೊಡೆಯುತ್ತವೆ. ಸಂಶೋಧಕರಾದ ಲಾರೆನ್ಸ್ ಮತ್ತು ಕ್ಯೂಪರ್ಸ್ 1968ರಲ್ಲಿ ಮಂಗಗಳಲ್ಲಿ ಮೇಲ್ಪದರದಿಂದ ಇಳಿದು ಎದುರು ಬದಿಗೆ ದಾಟುವ ದಾರಿಯನ್ನು ಎರಡೂ ಕಡೆ ಕತ್ತರಿಸಿ ನೋಡಿದಾಗ, ಆ ಮಂಗಗಳು ಮತ್ತೆ ನಡೆದವು, ಹತ್ತಿದವು. ಆದರೆ ಒಂದೊಂದು ಬೆರಳನ್ನು ಬೇರೆಬೇರೆಯಾಗಿ ಆಡಿಸುವ ಚಾತುರ್ಯ ಮರಳಲಿಲ್ಲ. ಬೀಡಿ ಕಟ್ಟುವ ಕೆಲಸವೆಂದರೆ ಪೂರ್ತಿ ಆ ಚಾತುರ್ಯವೇ.

ಹಾಗಾಗಿ ನಾನು ಕೈಯಿಂದ ಆರಂಭಿಸಲಿಲ್ಲ. ಮಂಚದ ಅಂಚಿನಲ್ಲಿ ಕುಳ್ಳಿರಿಸಿ, ಬಲ ಅಂಗೈಯನ್ನು ಹಾಸಿಗೆಗೆ ಚಾಚಿ ಊರಿಸಿ, ಎಡಗೈಯಿಂದ ಮಗಳ ಕೈಯಲ್ಲಿದ್ದ ಲೋಟವನ್ನು ಮುಟ್ಟಲು ಬಾಗಿಸಿದೆ. ಬಲ ಸೊಂಟ ಮತ್ತು ಬಲ ಭುಜಕ್ಕೆ ಭಾರ ಬೀಳಲಿ ಎಂಬುದು ಉದ್ದೇಶ. ಕೂರುವುದು, ನಿಲ್ಲುವುದು ಬೇಗ ಸುಧಾರಿಸಿತು. ಆದರೆ ಕೈಯನ್ನು ಎತ್ತಹೊರಟಾಗ ಮೊಣಕೈ ತಾನಾಗಿ ಮಡಚಿ ಮುಷ್ಟಿ ಬಿಗಿಯಾಗುತ್ತಿತ್ತು. ಮೇಲಿನ ಮಿದುಳಿನ ಹಿಡಿತ ಸಡಿಲವಾದಾಗ ಕೆಳಗಿನ ದಾರಿಗಳು ಹೀಗೆ ಸ್ನಾಯುಗಳನ್ನು ಗುಂಪಾಗಿಯೇ ಎಳೆಯುತ್ತವೆ. ಇಂಥ ಕೈಗೆ ಚೆಂಡು ಕೊಡುವುದೆಂದರೆ ಅದಕ್ಕೆ ಆಗಲೇ ಬರುವ ಕೆಲಸವನ್ನೇ ಮತ್ತೆ ಮಾಡಿಸಿದಂತೆ. ಕೊರತೆಯಿರುವುದು ಬಿಡಿಸುವುದರಲ್ಲಿ.

“ಅಕ್ಕ, ಹಿಡಿಯುವುದು ಬೇಡ, ಬಿಡುವುದನ್ನು ನೋಡಿ” ಎಂದು ಅವರದೇ ಗೆರಸೆಯನ್ನು ಮಡಿಲಲ್ಲಿಡಿಸಿದೆ. ಮುಂಗೈಯನ್ನು ಗೆರಸೆಯ ಅಂಚಿಗೆ ಆನಿಸಿ, ಮಣಿಕಟ್ಟನ್ನು ಮೇಲಕ್ಕೆತ್ತಿಸಿ, ಹೆಬ್ಬೆರಳನ್ನು ಹೊರಕ್ಕೆ ಸರಿಸಿ, ನೆನೆಸಿದ ಬೀಡಿ ಎಲೆಯೊಂದನ್ನು ಬೆರಳ ಸಂದಿಯಿಂದ ಜಾರಿಸಲು ಹೇಳಿದೆ. ಒಣಗಿದ ಎಲೆ ಮುರಿಯುತ್ತದೆ, ನೆನೆದದ್ದು ತಾಳುತ್ತದೆ. ಬಿಗಿ ಎಷ್ಟೆಂದು ಬೆರಳಿಗೇ ತಿಳಿಯಲು ಇದು ಅನುಕೂಲ. ಬೆರಳಿನಿಂದ ಬರುವ ಸ್ಪರ್ಶದ ಸುದ್ದಿಯಿಲ್ಲದೆ ಚಲನಾ ಪಟ್ಟಿ ತನ್ನ ಆಜ್ಞೆಯನ್ನು ಚೆನ್ನಾಗಿ ತಿದ್ದಿಕೊಳ್ಳಲಾರದು, ಆದ್ದರಿಂದ ಯಂತ್ರದ ವ್ಯಾಯಾಮಕ್ಕಿಂತ ಪರಿಚಿತ ವಸ್ತುವನ್ನೇ ನಾನು ಆರಿಸಿಕೊಳ್ಳುತ್ತೇನೆ. ಆಯಾಸವಾಗಿ ಮುಷ್ಟಿ ಮತ್ತೆ ಬಿಗಿದಾಗ ನಿಲ್ಲಿಸುತ್ತಿದ್ದೆವು.

ಈಗ ಅವರು ಬಲಗೈಯಲ್ಲಿ ಎಲೆಯನ್ನು ಹಿಡಿದು, ಎಡಗೈಯಲ್ಲಿ ಕತ್ತರಿ ಆಡಿಸಿ ಅಳತೆಗೆ ಕತ್ತರಿಸಿಕೊಡುತ್ತಾರೆ. ದಾರ ಸುತ್ತಿ ತುದಿ ಮಡಚುವುದಕ್ಕೆ ಬೆರಳು ಬೆರಳಿಗೂ ಪ್ರತ್ಯೇಕ ಆಜ್ಞೆ ಬೇಕು. ಅದು ಅವರಿಗೆ ಮರಳಿಲ್ಲ. ಆ ಕೆಲಸವನ್ನು ಮಗಳು ಮಾಡುತ್ತಾಳೆ.