ಎಬಿಎಸ್ ಕಾರಿನ ಬ್ರೇಕಿನಿಂದ ಗಾಳಿ ತೆಗೆಯುವಾಗ ಕಣ್ಣು ಆಯಿಲ್ ಡಬ್ಬಿಯ ಮೇಲಿರಲಿ

ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಕೆಳಗೆ ಹೋಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ ಅಂದರೆ ಹೆಚ್ಚಾಗಿ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಸೇರಿದೆ ಅಂತ ಲೆಕ್ಕ. ಕಾರವಾರದ ಸಪಾಟು ರಸ್ತೆಯಲ್ಲಿ ಹೇಗೋ ನಡೆದುಹೋಗುತ್ತದೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಜೀವ ಬಾಯಿಗೆ ಬರುತ್ತದೆ. ಆ ಸ್ಥಿತಿಯಲ್ಲಿ ಗಾಡಿ ತೆಗೆಯಲೇಬೇಡಿ. ಮೊದಲು ಎಲ್ಲಾದರೂ ಆಯಿಲ್ ಸೋರುತ್ತಿದೆಯಾ ನೋಡಿ, ಸೋರಿಕೆ ನಿಲ್ಲಿಸದೆ ಗಾಳಿ ತೆಗೆದು ಉಪಯೋಗವಿಲ್ಲ.

ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಇದ್ದರೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ, ಬೇಕೇ ಬೇಕು ಅಂತ ಹೆದರಿಸುವವರಿದ್ದಾರೆ. ಯಾವಾಗಲೂ ಬೇಕಾಗುವುದಿಲ್ಲ. ಕ್ಯಾಲಿಪರ್ (ಚಕ್ರದ ಹತ್ತಿರ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಬಿಚ್ಚಿ ಹಾಕಿದ್ದೀರಿ, ಹೋಸ್ ಬದಲಿಸಿದ್ದೀರಿ, ಆದರೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಿಲ್ಲ ಅಂದರೆ ಹೆಚ್ಚಿನ ಕಾರುಗಳಲ್ಲಿ ಮಾಮೂಲಿ ವಿಧಾನವೇ ಸಾಕು. ಡಬ್ಬಿ ಒಣಗಿತೋ, ಗಾಳಿ ಎಬಿಎಸ್ ಯೂನಿಟ್‌ನೊಳಗೆ ಹೊಕ್ಕಬಹುದು. ಅಲ್ಲಿ ಚಿಕ್ಕ ಚಿಕ್ಕ ವಾಲ್ವ್‌ಗಳು, ಒಂದು ಪಂಪು ಇರುತ್ತವೆ, ಸುಮ್ನೆ ಪೆಡಲ್ ಒತ್ತಿದರೆ ಕೆಲವು ವಾಲ್ವ್ ತೆರೆಯುವುದೇ ಇಲ್ಲ. ನನಗೆ ಆದದ್ದೂ ಇದೇ. ತಮ್ಮ ಪೆಡಲ್ ಒತ್ತುತ್ತಾ ಇದ್ದ, ನಾನು ಪೈಪಿನ ಗುಳ್ಳೆ ನೋಡುತ್ತಾ ಕೂತಿದ್ದೆ, ಡಬ್ಬಿ ನೋಡಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಆಮೇಲೆ ಎರಡು ಬಾಟ್ಲಿ ಆಯಿಲ್ ಸುರಿದರೂ ಪೆಡಲ್ ಮೆತ್ತಗೇ. ಕೊನೆಗೆ ಗಾಡಿ ಎಳೆಸಿಕೊಂಡು ಹೋಗಿ, ಸ್ಕ್ಯಾನರ್‌ನಿಂದ ಪಂಪ್ ಓಡಿಸಿ, ಮತ್ತೆ ನಾಲ್ಕೂ ಚಕ್ರದ ಗಾಳಿ ತೆಗೆಸಬೇಕಾಯಿತು.

ಬೇಕಾದದ್ದು: ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗ್ರೇಡಿನ ಆಯಿಲ್ (ಹೆಚ್ಚಾಗಿ ಡಾಟ್ 3 ಅಥವಾ ಡಾಟ್ 4), ನಿಪ್ಪಲ್‌ಗೆ (ಪ್ರತಿ ಚಕ್ರದ ಬ್ರೇಕಿನಲ್ಲಿ ಗಾಳಿ ಬಿಡಲು ಇರುವ ಸ್ಕ್ರೂ) ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ಪಾರದರ್ಶಕ ಪೈಪು, ಹಳೇ ಬಾಟ್ಲಿ, ಹೇಳಿದ ಮಾತು ಕೇಳುವ ಒಬ್ಬ ಮನುಷ್ಯ. ಹಿಂದಿನ ಸಲ ಉಳಿದ ಅರ್ಧ ಬಾಟ್ಲಿ ಬೇಡ, ಹೊಸ ಸೀಲ್ ಒಡೆಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೇಳಬೇಕೇ? ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ, ತೇವ ಹಿಡಿದ ಮೇಲೆ ಆ ಮಿತಿಯೇ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಕಾದು ಆ ಆಯಿಲ್ ಕುದಿದರೆ ಪೆಡಲ್ ಸೀದಾ ಕೆಳಗೆ.

ಉಪ್ಪುಗಾಳಿಗೆ ನಿಪ್ಪಲ್‌ಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಿಪ್ಪಲ್ ಒಳಗೆ ಟೊಳ್ಳು, ಜಾಸ್ತಿ ಬಲ ಹಾಕಿದರೆ ಮುರಿದು ಕೈಗೆ ಬರುತ್ತದೆ.

ಸಮತಟ್ಟಾದ ಜಾಗ, ಚಕ್ರಕ್ಕೆ ಕಲ್ಲು, ಜಾಕ್ ಜೊತೆ ಸ್ಟ್ಯಾಂಡ್, ಇಗ್ನಿಷನ್ ಆಫ್. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಚಕ್ರ ಮೊದಲು, ಅಂದರೆ ನಮ್ಮ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರಿಗೆ ಬೇರೆ ಕ್ರಮ ಇರುತ್ತದೆ, ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಕೊನೆ ಮಾತು.

ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ಬಾಟ್ಲಿಯಲ್ಲಿ ಸ್ವಲ್ಪ ಆಯಿಲ್‌ನೊಳಗೆ ಮುಳುಗಿರಲಿ. "ಒತ್ತು" ಅಂದಾಗ ಅವರು ನಿಧಾನಕ್ಕೆ ಮೂರು ನಾಲ್ಕು ಸಲ ಒತ್ತಿ ಕೊನೆಯದನ್ನು ಹಿಡಿದಿಟ್ಟುಕೊಳ್ಳಬೇಕು. ನೀವು ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಗುಳ್ಳೆ ಬರುತ್ತದೆ, ಬಿಗಿ ಮಾಡಿ, ಆಮೇಲೆಯೇ "ಬಿಡು" ಅನ್ನಿ. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ. ಹಳೇ ಗಾಡಿಯಾದರೆ ಪೆಡಲ್ ಪೂರ್ತಿ ತಳ ಮುಟ್ಟದಂತೆ ಕೆಳಗೆ ಮರದ ತುಂಡು ಇಡಿ, ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ ಸೀಲ್ ಹರಿಯಬಹುದು. ಐದಾರು ಸಲಕ್ಕೊಮ್ಮೆ ಎದ್ದು ಹೋಗಿ ಡಬ್ಬಿ ತುಂಬಿಸಿ. ಪೇಂಟ್ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ.

ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿಯಿರಿ. ಗಟ್ಟಿಯಾಗಿ ನಿಲ್ಲಬೇಕು, ಎಬಿಎಸ್ ದೀಪ ಆರಬೇಕು. ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿ. ಆಗಲೂ ಮೆತ್ತಗಿದ್ದರೆ ಅಲ್ಲಿಗೆ ಬಿಡಿ, ಸ್ಕ್ಯಾನರ್ ಇರುವ ಗ್ಯಾರೇಜಿಗೆ ಫೋನ್ ಮಾಡಿ, ಅಲ್ಲಿಗೂ ಓಡಿಸಿಕೊಂಡು ಹೋಗಬೇಡಿ.