ಟಿಎಂಎಸ್ ಕುರ್ಚಿ ಪಕ್ಕ ಕೂತು ಥೆರಪಿ ಮಾಡಿದ್ದು: ನನ್ನ ಅನುಭವ

ನಾನು ಬೆಂಗಳೂರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಓಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಅದನ್ನ ತಣಿಸೋಕೆ ಒಂದೇ ಕೆಲ್ಸ ಮತ್ತೆ ಮತ್ತೆ ಮಾಡಿಸೋ ಕಾಯಿಲೆ) ಕೇಸ್‌ಗಳೇ ಜಾಸ್ತಿ. ಟಿಎಂಎಸ್ ಮಷೀನ್ (ತಲೆ ಮೇಲೆ ಕಾಯಿಲ್ ಇಟ್ಟು ಮೆದುಳಿಗೆ ಮ್ಯಾಗ್ನೆಟ್ ಪಲ್ಸ್ ಕೊಡೋದು) ಸೈಕಿಯಾಟ್ರಿಸ್ಟ್ ಮತ್ತೆ ಟೆಕ್ನಿಷಿಯನ್ ಕೈಲಿರತ್ತೆ, ನಂದು ಮಾತಿನ ಕೆಲ್ಸ. ಇಆರ್‌ಪಿ ಅಂತೀವಲ್ಲ, ಯಾವುದನ್ನ ಕಂಡ್ರೆ ಜೀವ ಹೋಗತ್ತೋ ಅದನ್ನೇ ಮುಟ್ಟಿಸಿ, ಆಮೇಲೆ ಕೈ ತೊಳೆಯೋಕೆ ಬಿಡದೆ ಜೊತೇಲಿ ಕೂರೋದು.

ಎರಡನ್ನೂ ಒಟ್ಟಿಗೆ ಮಾಡ್ತೀವಿ ಅಂತ ಹೊರಟ ಮೊದಲ ಕೇಸಲ್ಲಿ ನಿಜ ಹೇಳ್ಬೇಕಂದ್ರೆ ಒಟ್ಟಿಗೆ ಮಾಡಿರಲೇ ಇಲ್ಲ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ ಸ್ಟಿಮ್ಯುಲೇಶನ್, ಶನಿವಾರ ನನ್ನ ಸೆಷನ್, ಅಷ್ಟೇ. ಪೇಷೆಂಟ್ ನಲವತ್ತು ದಾಟಿದ ಗೃಹಿಣಿ (ಗುರುತು ಸಿಗದಂಗೆ ವಿವರ ಬದಲಾಯಿಸಿದೀನಿ), ಮೈಲಿಗೆ ಮುಸುರೆ ಭಯ, ಅದರಲ್ಲೂ ಚಪ್ಪಲಿ. ಮೂರನೇ ವಾರ ಗೊತ್ತಾಯ್ತು, ದಿನಾ ಕುರ್ಚಿಯಿಂದ ಎದ್ದವರೇ ಸೀದಾ ವಾಶ್‌ರೂಮಿಗೆ ಹೋಗಿ ಮೊಣಕೈವರೆಗೂ ಇಪ್ಪತ್ತು ನಿಮಿಷ ತೊಳ್ಕೊಂಡೇ ಮನೆಗೆ ಹೋಗ್ತಿದ್ರು ಅಂತ. ನಾನು ಕೇಳಿರ್ಲಿಲ್ಲ, ಅವರು ಹೇಳಿರ್ಲಿಲ್ಲ.

ಔಷಧಿ, ವೈದ್ಯಕೀಯ ಮಷೀನ್‌ಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಎಫ್‌ಡಿಎ 2018ರಲ್ಲಿ ಓಸಿಡಿಗೆ ಡೀಪ್ ಟಿಎಂಎಸ್ (ಮೆದುಳಲ್ಲಿ ಇನ್ನೂ ಆಳಕ್ಕೆ ಹೋಗೋದು) ಒಪ್ಪಿದ್ದು ಯಾವ ಟ್ರಯಲ್ ಮೇಲೋ ಅದನ್ನ ಆಗ ಮತ್ತೆ ತೆಗೆದು ನೋಡಿದೆ. ಅದರಲ್ಲಿ ಪ್ರತಿ ಸೆಷನ್‌ಗೂ ಮುಂಚೆ ಆ ಪೇಷೆಂಟ್‌ದೇ ಭಯವನ್ನ ಬೇಕಂತಲೇ ಕೆದಕ್ತಾರೆ, ಸುಮ್ನೆ ಕೂರಿಸಿ ಪಲ್ಸ್ ಕೊಡಲ್ಲ. ಆರು ವಾರ ಆದ್ಮೇಲೆ ಅಲ್ಲಿ ನಿಜವಾದ ಸ್ಟಿಮ್ಯುಲೇಶನ್ ತಗೊಂಡವರಲ್ಲಿ ಸುಮಾರು 38% ಜನಕ್ಕೆ, ಸುಳ್ಳು ಸ್ಟಿಮ್ಯುಲೇಶನ್ ತಗೊಂಡವರಲ್ಲಿ 11% ಜನಕ್ಕೆ ಹೇಳ್ಕೊಳ್ಳೋವಷ್ಟು ಕಡಿಮೆ ಆಗಿತ್ತು. ನಮ್ಮ ಹತ್ರ ಆ ಡೀಪ್ ಕಾಯಿಲ್ ಇಲ್ಲ, ಮಾಮೂಲಿ ಎಂಟರ ಆಕಾರದ್ದು, ನೆತ್ತಿಗಿಂತ ಸ್ವಲ್ಪ ಮುಂದೆ ಎಸ್‌ಎಂಎ ಅನ್ನೋ ಮೆದುಳಿನ ಭಾಗದ ಮೇಲಿಟ್ಟು ಸೆಕೆಂಡಿಗೆ ಒಂದು ಪಲ್ಸ್, ಒಟ್ಟು 1200, ಇಪ್ಪತ್ತು ನಿಮಿಷ. ಆದ್ರೆ ಕೆದಕೋದಕ್ಕೆ ಕಾಯಿಲ್ ಯಾವುದಾದ್ರೇನು?

ಸರಿ, ನಾನೂ ಬೆಳಿಗ್ಗೆ ಬರೋಕೆ ಶುರು ಮಾಡಿದೆ. ನನ್ನ ಚಪ್ಪಲಿ ಅಡಿಯನ್ನ ಬಲಗೈ ಬೆರಳಲ್ಲಿ ಮುಟ್ಟಿಸಿ, ಅದೇ ಕೈ ಸೆರಗಿನ ಮೇಲಿಟ್ಟು ಕೂರಿಸಿ, ಕಾಯಿಲ್ ಆನ್. ಟಕ್, ಟಕ್, ಟಕ್. ಭಯ ಹತ್ತಕ್ಕೆ ಎಂಟಿದ್ದದ್ದು ಐದೇ ನಿಮಿಷಕ್ಕೆ ಎರಡಕ್ಕೆ ಇಳೀತು, ನಂಗೋ ಖುಷಿಯೋ ಖುಷಿ, ಆಹಾ ಏನು ಮಷೀನಪ್ಪಾ ಅಂತ. ನಾಲ್ಕನೇ ದಿನ ಯಾಕೋ ಅನುಮಾನ ಬಂದು, ಮನಸ್ಸಲ್ಲಿ ಏನ್ ನಡೀತಿದೆ ಅಂದೆ. "ಎಣಿಸ್ತಿದೀನಿ ಮೇಡಮ್, 1200 ಮುಗಿದ್ರೆ ಶುದ್ಧ ಆದಂಗೆ." ಟೆಕ್ನಿಷಿಯನ್ ಮಾತಿಗೆ ಲೆಕ್ಕ ಹೇಳಿದ್ನಂತೆ. ನಾವು ಕೈ ತೊಳೆಯೋದು ತಪ್ಪಿಸಿದ್ರೆ ಅವರು ಮಷೀನನ್ನೇ ಜಪಮಣಿ ಮಾಡ್ಕೊಂಡಿದ್ರು!

ಎಣಿಕೆ ತಪ್ಪಿಸೋಕೆ ಮಾತಾಡಿಸಿದ್ರೆ ದವಡೆ ಅಲ್ಲಾಡಿ ಕಾಯಿಲ್ ಜಾಗ ತಪ್ಪತ್ತೆ ಅಂತ ಟೆಕ್ನಿಷಿಯನ್ ಗೊಣಗಾಟ. ಕೊನೆಗೆ ಮಾತು ನಂದು, ಉತ್ತರ ಅವರ ಎಡಗೈ ಬೆರಳಿಂದು. ಅವರ ಕಿವೀಲಿ ಇಯರ್‌ಪ್ಲಗ್, ಹಂಗಾಗಿ ನಾನು ಹೆಚ್ಚುಕಮ್ಮಿ ಕಿರುಚ್ತಾನೇ ಈ ಚಪ್ಪಲಿ ಬೆಳಿಗ್ಗೆ ಮಾರ್ಕೆಟ್ ಕೆಸರಲ್ಲಿ ಎಲ್ಲೆಲ್ಲಿ ಓಡಾಡ್ತು ಅಂತ ವರ್ಣಿಸೋದು, ಭಯ ಎಷ್ಟಿದೆಯೋ ಅಷ್ಟು ಬೆರಳು ಅವರು ಎತ್ತೋದು. ಐದಕ್ಕೆ ಐದೂ ಎತ್ತಿದ ದಿನ ಒಳಗೊಳಗೇ ಸಮಾಧಾನ ನಂಗೆ, ಕೆಲ್ಸ ಆಗ್ತಿದೆ ಅಂತ. ಮುಗಿದ ತಕ್ಷಣ ಪಕ್ಕದ ರೂಮಲ್ಲಿ ಮುಕ್ಕಾಲು ಗಂಟೆ ಇಆರ್‌ಪಿ, ಅದೇ ಕೈಯಲ್ಲಿ ಡಬ್ಬಿ ತೆಗೆದು ಚಪಾತಿ ತಿನ್ನೋದು. ಮೊದಲ ತುತ್ತಿಗೆ ಹದಿನೇಳು ನಿಮಿಷ ತಗೊಂಡ್ರು, ಗಡಿಯಾರ ನೋಡ್ತಿದ್ದೆ. ಯಜಮಾನ್ರಿಗೂ ಹೇಳಿಕೊಟ್ವಿ, "ಮೈಲಿಗೆ ಆಗ್ಲಿಲ್ಲ ತಾನೇ?" ಅಂತ ಕೇಳಿದ್ರೆ ಉತ್ತರ ಕೊಡ್ಬೇಡಿ ಅಂತ, ಪಾಪ ಅವರಿಗೆ ಹೆಂಡತಿಗಿಂತ ಕಷ್ಟ ಆಯ್ತು.

ಮನೆಯವರೆಲ್ಲ ಕೇಳೋ ಪ್ರಶ್ನೆ ಒಂದೇ, ತಲೆಗೆ ಕರೆಂಟ್ ಕೊಡ್ತೀರಾ? ಇದು ಮ್ಯಾಗ್ನೆಟ್, ಪ್ರಜ್ಞೆ ತಪ್ಪಿಸಲ್ಲ, ತಲೆನೋವು ಬರ್ಬಹುದು, ಫಿಟ್ಸ್ ಬರೋದು ತುಂಬಾ ಅಪರೂಪ. ತಲೆ ಒಳಗೆ ಲೋಹ ಅಥವಾ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸೋಕೆ ಒಳಗೆ ಕೂರಿಸೋ ಸಾಧನ) ಇದ್ರೆ ಡಾಕ್ಟರ್‌ಗೆ ಮೊದಲೇ ಹೇಳ್ಬೇಕು.

ಆ ಪೇಷೆಂಟ್ ವೈಬಾಕ್ಸ್ ಸ್ಕೋರ್ (ಓಸಿಡಿ ಎಷ್ಟು ಜೋರಿದೆ ಅಂತ ನಲವತ್ತಕ್ಕೆ ಅಳೆಯೋದು, ಜಾಸ್ತಿ ಇದ್ರೆ ಜೋರು ಅಂತ) ಶುರುವಲ್ಲಿ 31, ಎಲ್ಲಾ ಮುಗಿದಾಗ 19. ಮಾತ್ರೆ ಹಂಗೇ ನಡೀತಿತ್ತು, ಹಂಗಾಗಿ ಇದು ಮಷೀನಿಂದು ಇದು ನಂದು ಅಂತ ಪಾಲು ಮಾಡೋಕಾಗಲ್ಲ. ಒಂದು ಮಾತ್ರ ಹೇಳ್ತೀನಿ, ಎರಡು ವರ್ಷದ ಹಿಂದೆ ಬರೀ ಇಆರ್‌ಪಿ ಮಾಡಿದಾಗ ಇವರೇ ಎರಡನೇ ಸಿಟ್ಟಿಂಗಿಗೆ ಅತ್ತು ಎದ್ದು ಹೋಗಿದ್ರು, ಈ ಸಲ ಒಂದು ದಿನಾನೂ ತಪ್ಪಿಸಲಿಲ್ಲ.

ದೇವರ ಕೋಣೆ ಇನ್ನೂ ಮುಟ್ಟಿಲ್ಲ. ತೊಳೆಯದ ಕೈಯಲ್ಲಿ ದೀಪ ಹಚ್ಚೋದಾ ಬೇಡ್ವಾ ಅಂತ ಮನೆಯವರನ್ನೂ ಕೂರಿಸಿ ಮಾತಾಡ್ಬೇಕು, ಮುಂದಿನ ತಿಂಗಳಿಗೆ ಇಟ್ಕೊಂಡಿದೀವಿ.